ಗೀರು ಹೋಗುವುದೆಲ್ಲಿಗೆ?

ಕಪ್ಪು ಕಾರು ತಗೋಬೇಡಿ ಎಂದು ಆರು ವರ್ಷದ ಹಿಂದೆ ಷೋರೂಮಿನ ಹುಡುಗನೇ ಹೇಳಿದ್ದ. ನೆರಳಿನಲ್ಲಿ ಅದರಷ್ಟು ಚೆಂದದ ಬಣ್ಣ ಇನ್ನೊಂದಿಲ್ಲ, ಬಿಸಿಲಿಗೆ ಬಂದರೆ ಮಾತ್ರ ಎಲ್ಲವನ್ನೂ ಹೇಳಿಬಿಡುತ್ತದೆ. 2024ರ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಸರದಿ ಕಾಯುತ್ತಿದ್ದೆ. ಬಾನೆಟ್ಟಿನ ಮೇಲೆ ಸೂರ್ಯ ಪ್ರತಿಫಲಿಸಿದ ಜಾಗದ ಸುತ್ತ ಜೇಡರಬಲೆಯಂಥ ಸಾವಿರಾರು ಸಣ್ಣ ಗೀರುಗಳು ಕಂಡವು. ಯಾರೋ ಪಾತ್ರೆ ಉಜ್ಜುವ ನಾರಿನಿಂದ ದುಂಡಗೆ ತಿಕ್ಕಿದ ಹಾಗಿತ್ತು. ಅಲ್ಲೇ ಫೋಟೋ ತೆಗೆದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ‘ನೋಡಿ, ದುಡ್ಡು ಕೊಟ್ಟು ನಾವು ಮಾಡಿಸಿಕೊಳ್ಳುತ್ತಿರುವುದು ಇದು’ ಎಂದು ಬರೆದೆ.

ನಮ್ಮ ಸಾಲಿನ ಎಂಟು ಕಾರುಗಳನ್ನು ಒರೆಸುತ್ತಿದ್ದವರು ರಾಯಚೂರಿನ ಕಡೆಯವರು. ಬೆಳಿಗ್ಗೆ ಐದಕ್ಕೆ ಬಂದು ನಾವು ಏಳುವ ಹೊತ್ತಿಗೆ ಮುಗಿಸಿ ಹೋಗಿರುತ್ತಿದ್ದರು. ಕಾರಿಗೆ ತಿಂಗಳಿಗೆ ಐನೂರು. ಅವತ್ತು ಕರೆದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಬಟ್ಟಿ ಹಿಂಡಿದ್ರ ಮಣ್ಣು ಅದೇ ಬಕೇಟಿನ್ಯಾಗ ಬೀಳ್ತದ್ರಿ ಸರ. ಮತ್ತ ಅದೇ ನೀರಾಗ ಅದ್ದಬೇಕು. ಮಣ್ಣು ಎಲ್ಲಿಗಿ ಹೋಗ್ಬೇಕ್ರಿ?” ನನಗದು ನೆಪವಾಗಿ ಕೇಳಿಸಿತು. ಅಕ್ಕಪಕ್ಕದವರೂ ಟಾರ್ಚು ಹಿಡಿದು ತಮ್ಮ ಕಾರುಗಳನ್ನು ನೋಡಿಕೊಂಡರು. ವಾರದೊಳಗೆ ಎಂಟೂ ಕಾರುಗಳು ಬೇರೆಯವರ ಪಾಲಾದವು. ಅವರು ಹಿಂದಿನ ಬ್ಲಾಕಿನಲ್ಲಿ ಉಳಿದಷ್ಟು ಕಾರುಗಳನ್ನು ಒರೆಸಿಕೊಂಡಿದ್ದರು.

ಸೆಪ್ಟೆಂಬರಿನಲ್ಲಿ ಕಾರನ್ನು ಪಾಲಿಶಿಗೆ ಒಯ್ದೆ. ಅಂಗಡಿಯಾತ ಲೈಟು ಹಿಡಿದು ತೋರಿಸಿದ ಮೊದಲ ಸಂಗತಿಯೇ ನನ್ನನ್ನು ಬೆಚ್ಚಿಸಿತು. ಈ ವೃತ್ತಗಳು ಬಣ್ಣದಲ್ಲಿ ಇಲ್ಲವೇ ಇಲ್ಲ. ಗೀರುಗಳು ಅಡ್ಡ, ಉದ್ದ, ಓರೆ, ಎಲ್ಲ ದಿಕ್ಕಿಗೂ ಇವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಹೊಳೆಯುವುದರಿಂದ ನಮ್ಮ ಕಣ್ಣು ಅವನ್ನು ಸೇರಿಸಿ ವೃತ್ತ ಮಾಡಿಕೊಳ್ಳುತ್ತದೆ. ಲೈಟನ್ನು ಸರಿಸಿದರೆ ವೃತ್ತವೂ ಜೊತೆಗೇ ಸರಿಯುತ್ತದೆ. ‘ದುಂಡಗೆ ತಿಕ್ಕಿದ್ದಾರೆ’ ಎಂದು ನಾನು ಗುಂಪಿನಲ್ಲಿ ಬರೆದಿದ್ದೆನಲ್ಲ, ಆ ದುಂಡು ನನ್ನ ಕಣ್ಣಿನದಾಗಿತ್ತು.

“ಒಂದೇ ಬಕೆಟ್ಟಿನಲ್ಲಿ ತೊಳೀತಾರಾ ಸಾರ್?” ಎಂದು ಆತ ಕೇಳಿದ. ರಸ್ತೆಯ ಧೂಳೆಂದರೆ ಬಹುಪಾಲು ಮರಳಿನ ಪುಡಿ. ಅದು ಕಾರಿನ ಮೇಲ್ಪದರಕ್ಕಿಂತ ಗಟ್ಟಿ. ಸಾಕಷ್ಟು ನೀರು ಹಾಯಿಸಿ ಅದನ್ನು ಮೊದಲು ಇಳಿಸದೆ ಒರೆಸಿದರೆ ಬಟ್ಟೆಯೇ ಉಪ್ಪುಕಾಗದ. ಅದಕ್ಕೇ ಎರಡು ಬಕೆಟ್ ಇಡಬೇಕು, ಒಂದು ಸೋಪಿನ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸುವುದಕ್ಕೆ. ಕೇಳುತ್ತ ಕೇಳುತ್ತ ನನ್ನ ಮೈ ಬಿಸಿಯಾಯಿತು. ಆ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದ್ದು, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದ್ದು ಎಲ್ಲರಿಗೂ ನೆನಪಿರಬಹುದು. ಆ ವಾರ ನಮ್ಮ ಸಂಘದ ಸಭೆಯೂ ಸೇರಿ ಕೊಳವೆಬಾವಿಯ ನೀರಿಗೂ ಒಂದು ನಿಯಮ ಮಾಡಿತು: ನಾಲ್ಕು ಕಾರಿಗೆ ಒಂದು ಬಕೆಟ್. ನೀರಿನ ವಿಷಯದಲ್ಲಿ ಅದು ಸರಿಯಾದ ನಿಯಮವೇ. ಆದರೆ ಕಾರುಗಳನ್ನು ವಾರಕ್ಕೊಮ್ಮೆ ಒರೆಸಿದರೆ ಸಾಕು ಎಂದು ಯಾರೂ ಹೇಳಲಿಲ್ಲ. ನೀರು ಕಡಿಮೆಯಾಗಬೇಕು, ಹೊಳಪು ಮೊದಲಿನಂತೆ ದಿನವೂ ಇರಬೇಕು. ಈ ಎರಡರ ನಡುವಿನ ಕೊರತೆಯನ್ನು ಒಬ್ಬ ಮನುಷ್ಯ ತನ್ನ ಬಟ್ಟೆಯಲ್ಲಿ ತುಂಬಿಕೊಡಬೇಕಿತ್ತು. ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಗೀರು ಹಾಕಿದ ಕೈ ಅವರದೇ, ಅದು ಸುಳ್ಳಲ್ಲ. ನನ್ನ ಫೋಟೋ ಕೂಡ ಸುಳ್ಳಲ್ಲ. ಹಾಗಾದರೆ ನಾನು ಮಾಡಿದ್ದು ತಪ್ಪು ಹೇಗಾಯಿತು? ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಆ ದಿನವೆಲ್ಲ ಮೆಷಿನ್ನಿನ ಕೆಲಸ ನೋಡುತ್ತ ಕುಳಿತೆ.

ಕಾರಿನ ಬಣ್ಣದ ಮೇಲೆ ಪಾರದರ್ಶಕವಾದ ಒಂದು ಪದರ ಇರುತ್ತದೆ. ಕ್ಲಿಯರ್ ಕೋಟ್ ಎನ್ನುತ್ತಾರೆ. ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಅದೇ. ಗೀರುಗಳು ಇರುವುದೂ ಅದರಲ್ಲೇ. ಪಾಲಿಶ್ ಮಾಡಿದರೆ ಗೀರು ಮುಚ್ಚಿಕೊಳ್ಳುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಗೀರು ತಗ್ಗು. ತಗ್ಗನ್ನು ತೆಗೆಯಲು ಬರುವುದಿಲ್ಲ. ಸುತ್ತಲಿನ ಎತ್ತರವನ್ನು ತಗ್ಗಿನ ಮಟ್ಟಕ್ಕೆ ಇಳಿಸಿದಾಗ ತಗ್ಗು ತಗ್ಗಾಗಿ ಉಳಿಯುವುದಿಲ್ಲ, ಅಷ್ಟೇ. ಪ್ಯಾಡು ತನ್ನ ಸುತ್ತ ತಿರುಗುತ್ತ, ಜೊತೆಗೆ ನಡುವಿನಿಂದ ಸ್ವಲ್ಪ ಆಚೀಚೆ ಸುತ್ತುತ್ತ, ಒಂದೇ ಕಡೆ ಬಿಸಿ ಕೂಡದ ಹಾಗೆ ಒಂದೊಂದೇ ಮೈಕ್ರಾನ್ ಸವೆಸುತ್ತದೆ. ಆತ ಮೊದಲು ಅಂಗೈಯಗಲದ ಜಾಗದಲ್ಲಿ ಪರೀಕ್ಷೆ ಮಾಡಿದ. ಬಣ್ಣ ತೆಳುವಾಗಿರುವ ಅಂಚುಗಳಿಗೆ ಟೇಪು ಅಂಟಿಸಿದ. ಆಗಾಗ ಮೀಟರು ಇಟ್ಟು ದಪ್ಪ ಅಳೆದ. ಬಾನೆಟ್ಟಿನಲ್ಲಿ ಎಲ್ಲ ಪದರ ಸೇರಿ 112 ಇದ್ದದ್ದು ಮುಗಿಯುವ ಹೊತ್ತಿಗೆ 109ಕ್ಕೆ ಬಂದಿತ್ತು. ಆ ಮೂರು ಮೈಕ್ರಾನು ಇನ್ನು ಹುಟ್ಟುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಎಣ್ಣೆ, ಮೇಣದಂಥ ಭರ್ತಿಯಿರುವ ಪಾಲಿಶ್ ತಿಕ್ಕಿದರೆ ಅದು ಗೀರುಗಳ ಒಳಗೆ ಕೂತು ಮೈ ಕನ್ನಡಿಯಾಗುತ್ತದೆ. ಹಳೆಯ ಕಾರು ಮಾರುವವರಿಗೆ ಅದು ಸಾಕು. ನಾಲ್ಕಾರು ಸಲ ತೊಳೆದ ಮೇಲೆ ಗೀರುಗಳೆಲ್ಲ ಇದ್ದಲ್ಲೇ ಕಾಣುತ್ತವೆ.

ನಮ್ಮ ಭಾಷೆಯಲ್ಲಿ ತಪ್ಪನ್ನು ಕುರಿತ ಮಾತುಗಳೆಲ್ಲ ತೊಳೆಯುವ ಮಾತುಗಳು. ಪಾಪ ತೊಳೆದುಕೊಳ್ಳುತ್ತೇವೆ, ಕಳಂಕ ಒರೆಸಿಕೊಳ್ಳುತ್ತೇವೆ, ಹೊಳೆಯಲ್ಲಿ ಮುಳುಗಿ ಎದ್ದು ಹಗುರಾಗುತ್ತೇವೆ. ತಪ್ಪು ಮೇಲೆ ಕೂತ ಕೊಳೆ, ಒಳಗೆ ನಾವು ಮೊದಲಿನ ಹಾಗೇ ಇದ್ದೇವೆ ಎಂಬ ಸಮಾಧಾನ ಈ ಮಾತುಗಳಲ್ಲಿದೆ. ಆದರೆ ಕೊಳೆ ಕೂಡಿದ್ದು, ಗೀರು ಕಳೆದದ್ದು. ಕೂಡಿದ್ದನ್ನು ತೆಗೆಯಬಹುದು. ಕಳೆದದ್ದನ್ನು ಎಷ್ಟು ತೊಳೆದರೂ ತೆಗೆಯಲಾಗದು. ಇನ್ನೊಬ್ಬರಿಗೆ ಮಾಡಿದ ಅನ್ಯಾಯ ಬಹುಪಾಲು ಗೀರಿನ ಜಾತಿಯದು. ಅಲ್ಲಿಂದ ಏನೋ ಹೋಗಿರುತ್ತದೆ. ಒಂದು ‘ಸಾರಿ’ ಹೇಳಿ ನಾವು ಅದಕ್ಕೆ ಭರ್ತಿ ತುಂಬುತ್ತೇವೆ. ಸುತ್ತಲಿನ ಎತ್ತರ, ಅಂದರೆ ನಾವು, ಇದ್ದಲ್ಲೇ ಇರುತ್ತೇವೆ.

ನಾನು ಹೋದದ್ದೂ ಮೊದಲು ಭರ್ತಿ ತುಂಬುವುದಕ್ಕೇ. ಎಂಟು ಕಾರು, ನಾಲ್ಕು ತಿಂಗಳು, ಐನೂರರಂತೆ 16,000 ಎಂದು ಲೆಕ್ಕ ಹಾಕಿ, ಲಕೋಟೆಯಲ್ಲಿ ಹಣವಿಟ್ಟುಕೊಂಡು ಹಿಂದಿನ ಬ್ಲಾಕಿಗೆ ಹೋಗಿ ಕೊಟ್ಟೆ. ಅವರು ಅದನ್ನು ತೆರೆದು ನೋಡಿದರು. ಬೇಡ ಎನ್ನಲಿಲ್ಲ. “ಇದು ಆಗಿಹೋದ ತಿಂಗಳದ್ದರಿ ಸರ. ಗಾಡಿ ಬರ್ತಾವೇನ್ರಿ?” ಎಂದು ಕೇಳಿದರು.

ಹಣ ನನ್ನ ಜೇಬಿನದು, ಅದನ್ನು ಕೊಡುವುದು ಸುಲಭವಾಗಿತ್ತು. ಕಾರುಗಳು ಹೋದದ್ದು ನನ್ನ ಮಾತಿನಿಂದ. ಅವು ಬರಬೇಕಾದರೆ ಅದೇ ಗುಂಪಿನಲ್ಲಿ, ಅದೇ ಫೋಟೋದ ಕೆಳಗೆ, ನಾನು ಇನ್ನೊಂದು ಮಾತು ಬರೆಯಬೇಕಿತ್ತು. ಅದಕ್ಕೆ ಎರಡು ದಿನ ಹಿಡಿಯಿತು. ಬರೆದೆ: ಗೀರಿಗೆ ಕಾರಣ ನಾವು ಮಾಡಿದ ನಿಯಮ, ಅದಕ್ಕೆ ನಾನೂ ಕೈ ಎತ್ತಿದ್ದೆ, ಅವರು ಅವತ್ತೇ ಹೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ. ಇಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಒಬ್ಬರು ‘ಈಗ ಇದೆಲ್ಲ ಯಾಕೆ?’ ಎಂದರು. ನನ್ನದೂ ಸೇರಿ ಮೂರು ಕಾರು ಅವರಿಗೆ ಮರಳಿದವು. ಉಳಿದ ಐದು ಕಾರು ಒರೆಸುವವರಿಗೂ ಸಂಸಾರವಿದೆ, ಅವರಿಂದ ಕಿತ್ತುಕೊಡಿ ಎನ್ನುವ ಬಾಯಿ ನನಗಿರಲಿಲ್ಲ. ಈಗ ನನ್ನ ಕಾರನ್ನು ವಾರಕ್ಕೊಮ್ಮೆ ಮಾತ್ರ ತೊಳೆಯುತ್ತಾರೆ, ಎರಡು ಬಕೆಟ್ಟಿನಲ್ಲಿ. ಸಂಬಳ ಅಷ್ಟೇ. ಉಳಿದ ದಿನ ಅದರ ಮೇಲೆ ಧೂಳು ಕೂತಿರುತ್ತದೆ.

ಪಾಲಿಶ್ ಆದ ದಿನ ಅಂಗಡಿಯಾತ ಚಾಲಕನ ಕಡೆಯ ಬಾಗಿಲ ಹಿಡಿಯ ಹತ್ತಿರ ಒಂದು ಗೀರನ್ನು ಹಾಗೇ ಬಿಟ್ಟಿದ್ದ. ಅದರ ಮೇಲೆ ಉಗುರು ಆಡಿಸಿ ತೋರಿಸಿದ. ಉಗುರು ಸಿಕ್ಕಿಕೊಂಡಿತು. “ಇಷ್ಟು ಆಳಕ್ಕೆ ಹೋದರೆ ಸುತ್ತ ಏನೂ ಉಳಿಯಲ್ಲ ಸಾರ್. ಇದು ಇರಲಿ.”

ಅದು ಈಗಲೂ ಇದೆ. ದಿನವೂ ಬಾಗಿಲು ತೆರೆಯುವಾಗ ಕೈಗೆ ತಾಗುತ್ತದೆ.