ಉಚಿತವಾಗಿ ಕೊಟ್ಟದ್ದಕ್ಕೆ ಬೆಲೆಯಿಲ್ಲವೇ? : ತಾಯಿ-ಮಕ್ಕಳ ಆರೋಗ್ಯ ಮತ್ತು ದಾನವಿವೇಕ

ಪುಕ್ಕಟೆಯಾಗಿ ಸಿಕ್ಕಿದ ವಸ್ತುವಿಗೆ ಬೆಲೆಯಿಲ್ಲ ಎಂಬ ಮಾತು ನಮ್ಮ ಲೋಕವ್ಯವಹಾರದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅಂಗಡಿಯಲ್ಲಿ ಕುಳಿತು ದುಡಿದವರಿಗೆ ಇದು ಅನುಭವದ ಮಾತು. ದಾನಶೀಲರಿಗೆ ಎಚ್ಚರಿಕೆಯ ಮಾತು. ಧರ್ಮಾರ್ಥ ಚಿಕಿತ್ಸಾಲಯಗಳನ್ನು ನಡೆಸುವವರ ಸಭೆಗಳಲ್ಲಿ ‘ಹೆಸರಿಗಾದರೂ ಐದೋ ಹತ್ತೋ ರೂಪಾಯಿ ಶುಲ್ಕವಿರಲಿ, ಆಗಲೇ ಜನಕ್ಕೆ ಅದರ ಮಹತ್ತ್ವ ತಿಳಿಯುವುದು’ ಎಂಬ ಸಲಹೆ ಕೇಳಿಬರುವುದುಂಟು. ಈ ಸಲಹೆಯ ಹಿಂದೆ ಲೋಭವಿದೆ ಎನ್ನಲಾಗದು. ಕೊಟ್ಟದ್ದು ವ್ಯರ್ಥವಾಗಬಾರದು, ಪಡೆಯುವವನ ಸ್ವಾಭಿಮಾನ ಕುಗ್ಗಬಾರದು ಎಂಬ ಸದುದ್ದೇಶವೇ ಅದರಲ್ಲಿರುತ್ತದೆ. ಆದರೆ ಸದುದ್ದೇಶದಿಂದ ಹೊರಟ ಮಾತು ಸತ್ಯವೂ ಆಗಿರಬೇಕೆಂಬ ನಿಯಮವಿಲ್ಲ. ಬಸುರಿ, ಬಾಣಂತಿ, ಹಸುಗೂಸುಗಳ ಪ್ರಾಣದ ಪ್ರಶ್ನೆ ಎದುರಿಗಿರುವಾಗ ಇಂಥ ಮಾತನ್ನು ಪರೀಕ್ಷಿಸದೆ ಒಪ್ಪುವುದು ವಿವೇಕವೆನಿಸದು.

ಪ್ರಶ್ನೆಯ ಗಾತ್ರವೆಷ್ಟೆಂಬುದನ್ನು ಮೊದಲು ನೋಡೋಣ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಗರ್ಭ ಮತ್ತು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಸುಮಾರು 2 ಲಕ್ಷ 60 ಸಾವಿರ ತಾಯಂದಿರು ಮರಣ ಹೊಂದಿದರು. ಅದೇ ವರ್ಷ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳು ಸುಮಾರು 48 ಲಕ್ಷ. ಇವರಲ್ಲಿ ಬಹುಪಾಲು ಜನ ಬಡದೇಶಗಳವರು. ಬಹುಪಾಲು ಸಾವುಗಳು ತಡೆಯಬಹುದಾದವು. ತಡೆಯುವ ಸಾಧನಗಳಾದರೂ ಅಪೂರ್ವವಾದುವಲ್ಲ: ಲಸಿಕೆ, ಸೊಳ್ಳೆಪರದೆ, ಕಬ್ಬಿಣಾಂಶದ ಗುಳಿಗೆ, ಉಪ್ಪು-ಸಕ್ಕರೆಯ ದ್ರಾವಣ, ಹೆರಿಗೆಯ ಹೊತ್ತಿಗೆ ತರಬೇತಿ ಪಡೆದ ಒಂದು ಜೊತೆ ಕೈಗಳು. ಸಾಧನವಿದ್ದೂ ಅದು ಬೇಕಾದವರ ಕೈಗೆ ಏಕೆ ತಲುಪುತ್ತಿಲ್ಲ ಎಂಬಲ್ಲಿ ಅರ್ಥಶಾಸ್ತ್ರದ ವಿಚಾರ ಆರಂಭವಾಗುತ್ತದೆ.

1980ರ ದಶಕದಲ್ಲಿ ಆಫ್ರಿಕದ ಅನೇಕ ಸರಕಾರಗಳು ಸಾಲದ ಹೊರೆಯಲ್ಲಿ ಕುಸಿದಿದ್ದವು. ಆಸ್ಪತ್ರೆಗಳಲ್ಲಿ ಔಷಧವಿರಲಿಲ್ಲ. 1987ರಲ್ಲಿ ವಿಶ್ವಬ್ಯಾಂಕು ತನ್ನ ವರದಿಯೊಂದರಲ್ಲಿ, ಆರೋಗ್ಯಸೇವೆಯನ್ನು ಬಳಸುವವರಿಂದಲೇ ಶುಲ್ಕ ಪಡೆಯಬೇಕೆಂದು ಸಲಹೆ ನೀಡಿತು. ಅದೇ ವರ್ಷ ಮಾಲಿ ದೇಶದ ರಾಜಧಾನಿ ಬಮಾಕೊದಲ್ಲಿ ಸೇರಿದ ಆಫ್ರಿಕದ ಆರೋಗ್ಯಮಂತ್ರಿಗಳು, ಔಷಧದ ಮಾರಾಟದಿಂದ ಬಂದ ಹಣದಲ್ಲೇ ಮತ್ತೆ ಔಷಧ ಕೊಳ್ಳುವ ಯೋಜನೆಯೊಂದನ್ನು ಯುನಿಸೆಫ್ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಬೆಂಬಲದೊಡನೆ ಅಂಗೀಕರಿಸಿದರು. ಇದರಲ್ಲಿ ತರ್ಕವಿರಲಿಲ್ಲವೆಂದಲ್ಲ. ಬರಿದಾದ ಕಪಾಟಿನ ಉಚಿತ ಆಸ್ಪತ್ರೆಗಿಂತ ಔಷಧವಿರುವ ಶುಲ್ಕದ ಆಸ್ಪತ್ರೆ ಮೇಲಲ್ಲವೇ? ಜೊತೆಗೆ, ಹಣ ತೆತ್ತವನು ವಸ್ತುವನ್ನು ಜೋಪಾನ ಮಾಡುತ್ತಾನೆ, ನಿಜವಾಗಿ ಬೇಕಾದವನೇ ಬಂದು ಕೊಳ್ಳುತ್ತಾನೆ ಎಂಬ ನಂಬಿಕೆಯೂ ಸೇರಿಕೊಂಡಿತು.

ಈ ನಂಬಿಕೆಯನ್ನು ಪ್ರತ್ಯಕ್ಷ ಪ್ರಮಾಣದಿಂದ ಪರೀಕ್ಷಿಸಿದವರಲ್ಲಿ ಜೆಸಿಕಾ ಕೋಹೆನ್ ಮತ್ತು ಪಾಸ್ಕಲೀನ್ ದ್ಯುಪಾ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಮುಖ್ಯರು. ಪಶ್ಚಿಮ ಕೀನ್ಯಾದಲ್ಲಿ ಮಲೇರಿಯಾ ಗರ್ಭಿಣಿಯರಿಗೆ ಮಹಾಶತ್ರು. ಅದು ತಾಯಿಯ ರಕ್ತವನ್ನು ಸೊರಗಿಸುತ್ತದೆ, ಹುಟ್ಟುವ ಶಿಶುವಿನ ತೂಕವನ್ನು ಇಳಿಸುತ್ತದೆ. ಅಲ್ಲಿನ ಗರ್ಭಿಣಿ ತಪಾಸಣಾ ಕೇಂದ್ರಗಳಲ್ಲಿ ಕೀಟನಾಶಕ ಲೇಪಿಸಿದ ಸೊಳ್ಳೆಪರದೆಗಳನ್ನು ಕೆಲವೆಡೆ ಉಚಿತವಾಗಿ, ಕೆಲವೆಡೆ ಬೇರೆಬೇರೆ ಅಲ್ಪ ಬೆಲೆಗಳಿಗೆ ಒದಗಿಸಲಾಯಿತು. ಯಾವ ಕೇಂದ್ರಕ್ಕೆ ಯಾವ ಬೆಲೆ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿದ್ದರು. 2010ರಲ್ಲಿ ಪ್ರಕಟವಾದ ಫಲಿತಾಂಶ ವಿಚಾರಾರ್ಹವಾಗಿದೆ. ಬೆಲೆ ಸೊನ್ನೆಯಿಂದ ಸುಮಾರು 60 ಅಮೆರಿಕನ್ ಸೆಂಟುಗಳಿಗೆ, ಅಂದರೆ ಪರದೆಯ ನಿಜವಾದ ವೆಚ್ಚದ ಒಂದು ಸಣ್ಣ ಪಾಲಿಗೆ ಏರಿದಾಗ, ಪರದೆ ಒಯ್ದವರ ಸಂಖ್ಯೆ ನೂರಕ್ಕೆ ಅರವತ್ತರಷ್ಟು ಕಡಿಮೆಯಾಯಿತು. ಉಚಿತವಾಗಿ ಪಡೆದವರು ಅದನ್ನು ಮೂಲೆಗೆಸೆದರೇ? ಇಲ್ಲ, ಹಣ ಕೊಟ್ಟವರಿಗಿಂತ ಅವರು ಕಡಿಮೆ ಬಳಸಿದರೆಂಬುದಕ್ಕೆ ಆಧಾರ ದೊರೆಯಲಿಲ್ಲ. ಹಣ ಕೊಟ್ಟು ಕೊಂಡವರು ಹೆಚ್ಚು ರೋಗಪೀಡಿತರೂ ಆಗಿರಲಿಲ್ಲ. ಶುಲ್ಕವು ಅಗತ್ಯವುಳ್ಳವರನ್ನು ಆರಿಸಲಿಲ್ಲ. ಬಹುಮಂದಿಯನ್ನು ಸುಮ್ಮನೆ ಹೊರಗಿರಿಸಿತು. ಒಮ್ಮೆ ಉಚಿತವಾಗಿ ಪಡೆದವರು ಮುಂದೆಂದೂ ಹಣ ಕೊಡಲಾರರು ಎಂಬ ಭಯವೂ ಇತ್ತು. ದ್ಯುಪಾ ಅವರೇ ಕೀನ್ಯಾದಲ್ಲಿ ನಡೆಸಿದ ಇನ್ನೊಂದು ಅಧ್ಯಯನದಲ್ಲಿ ಇದಕ್ಕೆ ವಿರುದ್ಧವಾದುದೇ ಕಂಡುಬಂದಿತು. ಮೊದಲ ಪರದೆಯ ಉಪಯೋಗವನ್ನು ಅನುಭವಿಸಿದವರು ಮರುವರ್ಷ ಎರಡನೆಯದಕ್ಕೆ ಹಣ ಕೊಡಲು ಹೆಚ್ಚು ಸಿದ್ಧರಿದ್ದರು.

ಒಂದೇ ಕಡೆಯಿಂದ ನೋಡಿ ತೀರ್ಪು ನೀಡುವುದು ಸರಿಯಲ್ಲ, ಎದುರುಪಕ್ಷದಲ್ಲಿಯೂ ಸತ್ಯಾಂಶವುಂಟು. ಜಾಂಬಿಯಾದ ಲುಸಾಕಾ ನಗರದಲ್ಲಿ ಕುಡಿಯುವ ನೀರನ್ನು ಶುದ್ಧಗೊಳಿಸುವ ಕ್ಲೋರಿನ್ ದ್ರಾವಣದ ಬಗೆಗೆ ಇಂಥದೇ ಅಧ್ಯಯನ ನಡೆಯಿತು. ಅಲ್ಲಿ ಹೆಚ್ಚಿನ ಬೆಲೆ ತೆರಲು ಒಪ್ಪಿದವರು ದ್ರಾವಣವನ್ನು ಕುಡಿಯುವ ನೀರಿಗೇ ಬಳಸುವವರಾಗಿರುವ ಸಂಭವ ಹೆಚ್ಚಾಗಿತ್ತು. ಬೇರೆ ಕೆಲಸಕ್ಕೂ ಒದಗುವ ವಸ್ತುವಿನಲ್ಲಿ ಬೆಲೆಯು ಒಂದು ಮಟ್ಟಿನ ಜರಡಿಯಾಗಬಲ್ಲದು. ಆದರೆ ಆ ಜರಡಿಯ ದೋಷವನ್ನೂ ಗಮನಿಸಬೇಕು. ಕಲುಷಿತ ನೀರಿನಿಂದ ಅತಿಹೆಚ್ಚು ಅಪಾಯಕ್ಕೆ ಒಳಗಾಗುವ ಎಳೆಮಕ್ಕಳಿರುವ ಮನೆಗಳನ್ನು ಅದು ಆರಿಸಿಕೊಡಲಿಲ್ಲ. ಹಣ ತೆತ್ತೆನೆಂಬ ಕಾರಣಕ್ಕೇ ಜನ ಹೆಚ್ಚು ಬಳಸುತ್ತಾರೆಂಬುದೂ ಅಲ್ಲಿ ಸ್ಥಿರಪಡಲಿಲ್ಲ.

ಹೀಗೇಕಾಗುತ್ತದೆ? ಬೆಲೆ ಎಂಬುದು ಬಯಕೆಯ ಅಳತೆಗೋಲು ಎಂದು ನಾವು ಭಾವಿಸುತ್ತೇವೆ. ಸಂತೆಯಲ್ಲಿ ಅದು ಬಹುಮಟ್ಟಿಗೆ ನಿಜ. ಆದರೆ ಕೊಡುವ ಶಕ್ತಿ ಸಮಾನವಾಗಿಲ್ಲದಲ್ಲಿ ಆ ಕೋಲು ಬಯಕೆಯನ್ನು ಅಳೆಯದೆ ಕೈಚೀಲವನ್ನು ಅಳೆಯುತ್ತದೆ. ತಾಯಿ-ಮಕ್ಕಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಬೇನೆ ತಿನ್ನುವವಳು ಒಬ್ಬಳು, ಹಣದ ಚೀಲದ ದಾರ ಹಿಡಿದವನು ಇನ್ನೊಬ್ಬ, ಪ್ರಯೋಜನ ಪಡೆಯುವ ಶಿಶು ಮಾತೇ ಬಾರದ ಮೂರನೆಯ ಜೀವ. ಇವರಲ್ಲಿ ಯಾರ ಇಚ್ಛೆಯನ್ನು ಆ ಐದು ರೂಪಾಯಿ ಅಳೆಯುತ್ತದೆ? ಅಲ್ಲದೆ ಲಸಿಕೆ ಹಾಕಿಸಿಕೊಂಡ ಮಗು ನೆರೆಮನೆಯ ಮಗುವನ್ನೂ ರಕ್ಷಿಸುತ್ತದೆ. ಎಲ್ಲರಿಗೂ ಸಲ್ಲುವ ಫಲಕ್ಕೆ ಒಬ್ಬ ತಾಯಿಯೇ ಬೆಲೆ ತೆರಬೇಕೆನ್ನುವುದು ನ್ಯಾಯಸಮ್ಮತವೂ ಅಲ್ಲ.

ಇನ್ನು ಶುಲ್ಕವಿಲ್ಲದಿದ್ದರೆ ಸಾಕೇ? ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ನಡೆದ ಪ್ರಯೋಗವು ಇದಕ್ಕೆ ಉತ್ತರ ನೀಡುತ್ತದೆ. ಸರಕಾರದ ಲಸಿಕೆ ಉಚಿತವಾಗಿಯೇ ಇತ್ತು. ಆದರೂ ಸಾಮಾನ್ಯ ಗ್ರಾಮಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇಕಡಾ 6 ಮಾತ್ರ. ಸೇವಾ ಮಂದಿರ ಎಂಬ ಸಂಸ್ಥೆಯು ಪ್ರತಿ ತಿಂಗಳೂ ತಪ್ಪದೆ ಶಿಬಿರ ನಡೆಸಿದ ಗ್ರಾಮಗಳಲ್ಲಿ ಈ ಪ್ರಮಾಣ ಶೇಕಡಾ 18ಕ್ಕೆ ಏರಿತು. ಶಿಬಿರದೊಡನೆ ಪ್ರತಿ ಲಸಿಕೆಗೆ ಒಂದು ಕಿಲೋ ಬೇಳೆಯನ್ನೂ, ಎಲ್ಲ ಲಸಿಕೆಗಳು ಮುಗಿದಾಗ ಊಟದ ತಟ್ಟೆಗಳನ್ನೂ ಕೊಟ್ಟ ಗ್ರಾಮಗಳಲ್ಲಿ ಅದು ಶೇಕಡಾ 39ಕ್ಕೆ ಮುಟ್ಟಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಹೋದ್ಯೋಗಿಗಳು 2010ರಲ್ಲಿ ಇದನ್ನು ಪ್ರಕಟಿಸಿದರು. ಸೋಜಿಗವೆಂದರೆ, ಬೇಳೆ ಕೊಟ್ಟ ಕಡೆ ಪ್ರತಿ ಮಗುವಿನ ಲೆಕ್ಕದಲ್ಲಿ ವೆಚ್ಚ ಹೆಚ್ಚಲಿಲ್ಲ, ಸುಮಾರು ಅರ್ಧಕ್ಕೆ ಇಳಿಯಿತು. ಮಕ್ಕಳು ಬರಲಿ, ಬಾರದಿರಲಿ, ದಾದಿಯ ದಿನದ ಸಂಬಳ ಒಂದೇ. ಹೆಚ್ಚು ಮಕ್ಕಳು ಬಂದಾಗ ಆ ವೆಚ್ಚ ಹಂಚಿಹೋಯಿತು.

ಇದು ಲಂಚವಲ್ಲವೇ ಎಂದು ಕೇಳುವವರಿದ್ದಾರೆ. ತನ್ನ ಮಗುವಿಗೆ ಲಸಿಕೆ ಹಾಕಿಸಲು ತಾಯಿಗೆ ಬೇಳೆಯ ಆಸೆ ತೋರಿಸಬೇಕೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಲಂಚವು ಮನುಷ್ಯನನ್ನು ಕರ್ತವ್ಯದಿಂದ ದೂರ ಸೆಳೆಯುತ್ತದೆ. ಈ ಬೇಳೆಯಾದರೋ ಕರ್ತವ್ಯದ ಕಡೆಗೆ ಅವಳ ದಾರಿಯನ್ನು ಸುಗಮಗೊಳಿಸುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. ನಾವು ‘ಉಚಿತ’ ಎಂದು ಕರೆಯುವ ಸೇವೆ ಆ ತಾಯಿಗೆ ಎಂದೂ ಉಚಿತವಾಗಿರಲಿಲ್ಲ. ಮಗುವನ್ನು ಕಂಕುಳಲ್ಲಿ ಹೊತ್ತು ನಡೆದ ದಾರಿ, ತಪ್ಪಿಹೋದ ದಿನದ ಕೂಲಿ, ಬೀಗ ಹಾಕಿದ ಉಪಕೇಂದ್ರದ ಬಾಗಿಲಿನಿಂದ ಹಿಂದಿರುಗಿದ ಅನುಭವ, ರಾತ್ರಿ ಮಗುವಿಗೆ ಬರುವ ಜ್ವರ, ಇವೆಲ್ಲವೂ ಅವಳು ತೆತ್ತ ಬೆಲೆಯೇ. ದಾನಿಯ ಲೆಕ್ಕದ ಪುಸ್ತಕದಲ್ಲಿ ಇವಕ್ಕೆ ಅಂಕಣವಿಲ್ಲ. ಒಂದು ಕಿಲೋ ಬೇಳೆ ಆ ಲೆಕ್ಕವನ್ನು ಸ್ವಲ್ಪಮಟ್ಟಿಗೆ ಸರಿದೂಗಿಸಿತು, ಅಷ್ಟೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕು ವಿಧವಾಗಿ ಎಣಿಸಿದ ಪರಂಪರೆಯವರಿಗೆ, ಔಷಧದಾನದ ಜೊತೆ ಆಹಾರದಾನ ಕೂಡಿಬಂದುದು ವಿಚಿತ್ರವಾಗಿ ತೋರಬೇಕಾಗಿಲ್ಲ.

ಆದರೆ ತಾಯಿಯನ್ನು ಬಾಗಿಲವರೆಗೆ ಕರೆತಂದ ಮಾತ್ರಕ್ಕೆ ದಾನಿಯ ಹೊಣೆ ತೀರುವುದಿಲ್ಲ. ನಮ್ಮ ದೇಶದಲ್ಲಿ 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆಯು ಆಸ್ಪತ್ರೆಯಲ್ಲಿ ಹೆರಿಗೆಯಾಗುವ ಬಡ ಸ್ತ್ರೀಯರಿಗೆ ಧನಸಹಾಯ ನೀಡಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧ, ಆಹಾರ, ವಾಹನಗಳನ್ನು ಉಚಿತಗೊಳಿಸಿತು. ಆಸ್ಪತ್ರೆಯ ಹೆರಿಗೆಗಳು ಗಣನೀಯವಾಗಿ ಹೆಚ್ಚಿದವು. ಆದರೆ ಧನಸಹಾಯದಿಂದಲೇ ನವಜಾತ ಶಿಶುಗಳ ಸಾವು ಎಷ್ಟು ಇಳಿಯಿತೆಂಬ ವಿಷಯದಲ್ಲಿ ಸಂಶೋಧಕರು ಒಮ್ಮತಕ್ಕೆ ಬಂದಿಲ್ಲ. ಹಣವು ತಾಯಿಯನ್ನು ಕರೆತರಬಲ್ಲದು; ಅವಳನ್ನು ಉಳಿಸುವುದು ಒಳಗಿರುವ ಕೈ, ರಕ್ತ, ಔಷಧ. ದೇಶದ ಅಧಿಕೃತ ಮಾದರಿ ನೋಂದಣಿಯ ಪ್ರಕಾರ 2018-20ರ ಅವಧಿಯಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ಅಸ್ಸಾಮಿನಲ್ಲಿ 195, ಕರ್ನಾಟಕದಲ್ಲಿ 69, ಕೇರಳದಲ್ಲಿ 19. ಒಂದೇ ದೇಶದೊಳಗಣ ಈ ಅಂತರವನ್ನು ಶುಲ್ಕದ ಇರುವಿಕೆ-ಇಲ್ಲದಿರುವಿಕೆ ಒಂದೇ ವಿವರಿಸಲಾರದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯ ಹೆರಿಗೆಯ ಬಳಿಕ ಹಲವು ಬಾಣಂತಿಯರು ಅಸುನೀಗಿದಾಗ, ಅವರಿಗೆ ನೀಡಿದ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿ ರಾಜ್ಯವು ಅದರ ಬಳಕೆಯನ್ನು ನಿಲ್ಲಿಸಿತು. ಹಣ ಕೊಡದೆ ಬಂದವಳೆಂಬ ಕಾರಣಕ್ಕೆ ಅವಳಿಗೆ ಕೊಡುವ ಔಷಧದ ಪರೀಕ್ಷೆ ಸಡಿಲವಾಗಬಹುದೆಂದು ಯಾವ ಧರ್ಮವೂ ಹೇಳದು. ಉಚಿತವಾದುದು ಕಳಪೆಯಾದರೆ ಅದು ದಾನವೆನಿಸದು. ಕೊಟ್ಟವನ ಹೆಸರು ಹೊತ್ತ ಹಿಂಸೆಯಾಗುತ್ತದೆ.

ಕೊನೆಯದಾಗಿ ಮೂಲಪ್ರಶ್ನೆಯೊಂದನ್ನು ಎತ್ತಬೇಕಾಗಿದೆ. ತಾಯಿ-ಮಕ್ಕಳ ಆರೋಗ್ಯಕ್ಕೆ ಹಾಕಿದ ಹಣ ಹಲವು ಪಟ್ಟಾಗಿ ಹಿಂದಿರುಗುತ್ತದೆ, ಆರೋಗ್ಯವಂತ ಶಿಶು ಮುಂದೆ ಹೆಚ್ಚು ಕಲಿತು ಹೆಚ್ಚು ಗಳಿಸುತ್ತದೆ ಎಂದು ಅರ್ಥಶಾಸ್ತ್ರಜ್ಞರು ವಾದಿಸುತ್ತಾರೆ. ಈ ವಾದಕ್ಕೆ ಆಧಾರಗಳಿವೆ. ಅಧಿಕಾರಸ್ಥರ ಕಿವಿಗೆ ಅದು ಬೇಗ ತಲುಪುತ್ತದೆ ಎಂಬುದೂ ನಿಜ. ಆದರೆ ಅದನ್ನೇ ಕರುಣೆಯ ಕಾರಣವನ್ನಾಗಿ ಸ್ವೀಕರಿಸಿದರೆ ಅಪಾಯವುಂಟು. ಮುಂದೆ ಏನನ್ನೂ ಗಳಿಸಲಾರದ ಅಂಗವಿಕಲ ಶಿಶುವನ್ನು, ಹೆರುವ ವಯಸ್ಸು ದಾಟಿದ ಹೆಂಗಸನ್ನು ಆ ಲೆಕ್ಕ ಯಾವ ಸಾಲಿನಲ್ಲಿ ಬರೆದೀತು? ಲಾಭ ಬಾರದೆಂದು ಕೈಬಿಡಬಹುದಾದ ಜೀವವೊಂದು ಇದೆಯೆಂದು ಒಪ್ಪಿದ ಕ್ಷಣದಲ್ಲೇ ದಯೆಯು ವ್ಯಾಪಾರವಾಗಿಬಿಡುತ್ತದೆ. ಆದುದರಿಂದ ಏಕೆ ಕೊಡಬೇಕೆಂಬುದನ್ನು ಧರ್ಮಬುದ್ಧಿ ಹೇಳಲಿ. ಹೇಗೆ ಕೊಟ್ಟರೆ ತಲುಪುತ್ತದೆಂಬುದನ್ನು ಲೆಕ್ಕ ಹೇಳಲಿ. ಲೆಕ್ಕವಿಲ್ಲದ ದಯೆ ಬೀಗ ಹಾಕಿದ ಉಪಕೇಂದ್ರವನ್ನು ಕಟ್ಟಿ ತೃಪ್ತಿಪಡಬಹುದು. ದಯೆಯಿಲ್ಲದ ಲೆಕ್ಕ ಆ ತಾಯಿಯನ್ನೇ ಪಟ್ಟಿಯಿಂದ ಕಿತ್ತುಹಾಕಬಹುದು.

ಚಿಕಿತ್ಸಾಲಯವನ್ನೋ ಶಿಬಿರವನ್ನೋ ನಡೆಸುವ ಸಜ್ಜನರು ಮುಂದಿನ ಸಭೆಯಲ್ಲಿ ಶುಲ್ಕದ ಮಾತು ಬಂದಾಗ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಈ ಹಣವಿಲ್ಲದೆ ಸೇವೆ ನಿಜವಾಗಿಯೂ ನಿಲ್ಲುತ್ತದೆಯೇ, ಅಥವಾ ಪಡೆಯುವವರು ತಮ್ಮ ಕೃತಜ್ಞತೆಯನ್ನು ನಾಣ್ಯದ ರೂಪದಲ್ಲಿ ತೋರಿಸಲೆಂದು ನಾವು ಬಯಸುತ್ತಿದ್ದೇವೆಯೇ? ಶುಲ್ಕವಿಟ್ಟ ಮೇಲೆ ಬಾರದೆ ಹೋದವರು ಯಾರು? ಬಂದವರು ನಮ್ಮ ಬಾಗಿಲಿಗೆ ಬರುವ ಮೊದಲು ಏನೇನು ತೆತ್ತಿದ್ದಾರೆ? ಬಂದವರ ಸಂಖ್ಯೆ ನಮ್ಮ ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ. ಬಾರದವರನ್ನು ಎಣಿಸಬೇಕಾದರೆ ನಾವೇ ಅವರ ಮನೆಯವರೆಗೆ ಹೋಗಬೇಕು.