ಅನಿತ್ಯ ಬೇರೆ, ತಾತ್ಕಾಲಿಕ ಬೇರೆ



ಧಮ್ಮ ಬಂಧುಗಳೇ, ಕಳೆದ ಭಾನುವಾರ ಅನಿತ್ಯದ ಬಗ್ಗೆ ಓದುತ್ತಿದ್ದಾಗ ನಮ್ಮ ಬಳಗದ ಅತಿಥಿ ಉಪನ್ಯಾಸಕರೊಬ್ಬರು, ಬರುವ ವರ್ಷ ಕಾಲೇಜಿನಿಂದ ಕರೆ ಬರುತ್ತದೋ ಇಲ್ಲವೋ ಎಂಬ ಚಿಂತೆ ಹೇಳಿಕೊಂಡರು. ಹಿರಿಯರೊಬ್ಬರು, "ಎಲ್ಲವೂ ಅನಿತ್ಯವೇ ಅಲ್ಲವಾ ತಮ್ಮಾ, ಕಾಯಂ ಆಗಬೇಕೆನ್ನುವುದೂ ಒಂದು ತಣ್ಹಾ" ಅಂದರು. ಪ್ರೀತಿಯಿಂದಲೇ ಅಂದದ್ದು. ಅವರು ಸುಮ್ಮನಾದರು. ನಾನೂ ಸುಮ್ಮನಿದ್ದೆ. ವಾರವಿಡೀ ಆ ಮಾತು ನನ್ನನ್ನು ಬಿಡಲಿಲ್ಲ. ಹೈಸ್ಕೂಲಿಗೆ ಬರುವ ಮೊದಲು ನಾಲ್ಕು ವರ್ಷ ನಾನೂ ಅದೇ ಕೆಲಸ ಮಾಡಿದವಳು.

ಅದು ಮಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಒಂದು ಪದವಿ ಕಾಲೇಜು. ಪುತ್ತೂರಿನಿಂದ ಬೆಳಗ್ಗಿನ ಬಸ್ಸಿನಲ್ಲಿ ಹೋಗುತ್ತಿದ್ದೆ. ನಾನು ಓದಿದ್ದು ಕನ್ನಡ ಎಂ.ಎ. ಆದರೆ ಕನ್ನಡಕ್ಕೆ ಗಂಟೆಗಳು ಸಾಕಾಗುವುದಿಲ್ಲ, ಕಡ್ಡಾಯ ಪತ್ರಿಕೆಯಲ್ಲಿರುವ ಮಾನವ ಅಭಿವೃದ್ಧಿಯ ಪಾಠವನ್ನೂ ನೀವೇ ತಗೊಳ್ಳಿ ಎಂದರು ಪ್ರಾಂಶುಪಾಲರು. ಇಲ್ಲ ಅನ್ನುವ ಸ್ಥಿತಿ ನನ್ನದಲ್ಲ. ರಾತ್ರಿ ಓದಿ ಬೆಳಿಗ್ಗೆ ಹೇಳುತ್ತಿದ್ದೆ. (ತಿಥಿ ನೋಡದೆ ಬರುವವನು ಅತಿಥಿ ಎಂದು ನಮಗೆ ಎಂ.ಎ.ಯಲ್ಲಿ ಹೇಳಿಕೊಟ್ಟಿದ್ದರು. ನಮ್ಮಲ್ಲಿ ತಿಥಿ ಗೊತ್ತಿಲ್ಲದೆ ಬರುತ್ತಿದ್ದದ್ದು ಗೌರವಧನ. ಹೊರಗಿನಿಂದ ಬಂದ ಭಿಕ್ಕುವಿಗೆ ವಿಹಾರದವರು ಆಸನ ಹಾಕಬೇಕು, ಕಾಲಿಗೆ ನೀರು ಕೊಡಬೇಕು ಎಂದು ವಿನಯ ಪಿಟಕದಲ್ಲಿದೆ. ಸ್ಟಾಫ್ ರೂಮಿನಲ್ಲಿ ನನಗೊಂದು ಕುರ್ಚಿ ಸಿಕ್ಕಿದ್ದು ಎರಡನೇ ವರ್ಷದಲ್ಲಿ.)

ಪಾಠ ಮಾತ್ರ ನನಗೆ ತುಂಬ ಇಷ್ಟವಾಯಿತು. ದೇಶದ ಆದಾಯ ಹೆಚ್ಚಿದರೆ ಸಾಲದು, ಮನುಷ್ಯ ಎಷ್ಟು ಕಾಲ ಆರೋಗ್ಯದಿಂದ ಬದುಕುತ್ತಾನೆ, ಎಷ್ಟು ಕಲಿತಿದ್ದಾನೆ, ಮರ್ಯಾದೆಯಿಂದ ಬದುಕುವಷ್ಟು ವರಮಾನ ಇದೆಯೇ ಎಂದು ನೋಡಬೇಕು ಎಂಬುದು ಅದರ ಸಾರ. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಮುಂದೆ ನಿಂತು 1990ರಲ್ಲಿ ವಿಶ್ವಸಂಸ್ಥೆಯಿಂದ ಮೊದಲ ಮಾನವ ಅಭಿವೃದ್ಧಿ ವರದಿ ತಂದರು. ಅವರ ಜೊತೆಗಿದ್ದ ಅಮರ್ತ್ಯ ಸೇನ್ ಕೇಳುತ್ತಿದ್ದ ಪ್ರಶ್ನೆ ಇನ್ನೂ ಸರಳ: ಈ ಮನುಷ್ಯ ಏನಾಗಬಲ್ಲ, ಏನು ಮಾಡಬಲ್ಲ?

ನಮ್ಮ ರಾಜ್ಯದ 2005ರ ವರದಿಯನ್ನೂ ತೋರಿಸಿದೆ. ಬೆಂಗಳೂರು ನಗರದ ನಂತರ ಎರಡನೇ ಸ್ಥಾನ ನಮ್ಮ ದಕ್ಷಿಣ ಕನ್ನಡಕ್ಕೆ, 0.722. ಕೊನೆಯ ರಾಯಚೂರಿಗೆ 0.547. ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಆ ಮೂರನೆಯ ಲೆಕ್ಕದಲ್ಲಿ ನೀವು ಎಲ್ಲಿ ಬರ್ತೀರಿ?" ಎಂದು ಕೇಳಿದಳು.

ತರಗತಿ ನಕ್ಕಿತು. ಮೇಡಂ ಸಂಬಳ ಕೇಳಬಾರದು ಎಂದು ನಾನೂ ನಕ್ಕು ಬೋರ್ಡ್ ಒರೆಸಿದೆ. ಸುಳ್ಳು ಹೇಳಲಿಲ್ಲ, ನಿಜ. ಆದರೆ ಬುದ್ಧ ವಂದನೆಯಲ್ಲಿ ನಾಲ್ಕನೆಯ ಶೀಲ ಹೇಳುವಾಗ ಆ ಒರೆಸಿದ ಬೋರ್ಡ್ ನನಗೆ ಇವತ್ತಿಗೂ ಕಾಣುತ್ತದೆ.

ಅವಳು ಕುಚೋದ್ಯಕ್ಕೆ ಕೇಳಿದ್ದಲ್ಲ. ಸುಳ್ಯ ಕಡೆಯ ರಬ್ಬರ್ ತೋಟದ ಹುಡುಗಿ. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಮಾಡಿಕೊಂಡ ಒಪ್ಪಂದದಿಂದ ಸಿಲೋನು ಬಿಟ್ಟು ಬಂದ ತಮಿಳು ಕುಟುಂಬಗಳಲ್ಲಿ ಅವಳದೂ ಒಂದು. ಎರಡು ದೇಶಗಳು ಕೂತು, ಇಷ್ಟು ಲಕ್ಷ ಜನ ನಿಮಗೆ, ಇಷ್ಟು ಲಕ್ಷ ನಮಗೆ ಎಂದು ಹಂಚಿಕೊಂಡ ಜನ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಬಂದು ನಿಂತು, "ಮಳೆ ಬಂದರೆ ಟ್ಯಾಪಿಂಗ್ ಇಲ್ಲ ಮೇಡಂ, ಅಮ್ಮನಿಗೆ ಆ ದಿನದ ಕೂಲಿ ಇಲ್ಲ. ರಜೆ ಬಂದರೆ ನಿಮಗೂ ಇಲ್ಲವಂತೆ, ಹೌದಾ?" ಎಂದಳು. ಹೌದು ಅಂದೆ. ಮಾನವ ಅಭಿವೃದ್ಧಿಯ ಪಾಠ ನಾನು ಸರಿಯಾಗಿ ಮಾಡಿದ್ದು ಬಹುಶಃ ಅವತ್ತು, ಕಡಬದ ಬಸ್ಸಿಗೆ ಕಾಯುತ್ತಾ.

ಈಗ ಹಿರಿಯರ ಮಾತಿಗೆ ಬರುತ್ತೇನೆ. ಎಲೆ ಉದುರುವುದು, ದೇಹ ಮುಪ್ಪಾಗುವುದು ಅನಿತ್ಯ. ಅದನ್ನು ಯಾರೂ ಸಹಿ ಮಾಡಿ ಹೊರಡಿಸಿದ್ದಲ್ಲ. ನನ್ನ ಕೆಲಸದ ತಾತ್ಕಾಲಿಕತೆಗೆ ಆದೇಶ ಸಂಖ್ಯೆ ಇತ್ತು, ದಿನಾಂಕ ಇತ್ತು. ಪಾಠ ಪ್ರತಿ ವರ್ಷವೂ ಇರುತ್ತಿತ್ತು, ಮಕ್ಕಳೂ ಇರುತ್ತಿದ್ದರು, ತಾತ್ಕಾಲಿಕವಾಗಿದ್ದದ್ದು ನಾನೊಬ್ಬಳೇ. ಮನುಷ್ಯ ಮಾಡಿದ್ದನ್ನು ಮನುಷ್ಯ ಬದಲಿಸಬಹುದು. 2022ರ ಜನವರಿಯವರೆಗೆ ಸರ್ಕಾರಿ ಪದವಿ ಕಾಲೇಜುಗಳಲ್ಲಿ 11,000, 13,000 ಇದ್ದ ಗೌರವಧನ ಹೋರಾಟದ ನಂತರ 26,000ದಿಂದ 32,000ದವರೆಗೆ ಏರಿತು. ಅದರ ಜೊತೆಗೇ ವಾರಕ್ಕೆ 15 ಗಂಟೆಯ ನಿಯಮ ಬಂದು ಎಷ್ಟೋ ಜನ ಹೊರಗುಳಿದರು ಎಂಬುದೂ ನಿಜ. 2023ರ ಕೊನೆಯಲ್ಲಿ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಕೂತವರು ತುಮಕೂರಿನಿಂದ ಬೆಂಗಳೂರಿಗೆ ನಡೆದೂ ಹೋದರು. ಅದನ್ನು ತಣ್ಹಾ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆಳವಿಯ ರೈತನ ಕಥೆ ನಿಮಗೆ ಗೊತ್ತು. ಕಳೆದುಹೋದ ಎತ್ತನ್ನು ಹುಡುಕಿ ಹಸಿದು ಬಂದವನಿಗೆ ಬುದ್ಧರು ಮೊದಲು ಊಟ ಹಾಕಿಸಿದರು, ಆಮೇಲೆ ಧಮ್ಮ ಹೇಳಿದರು. ಹಸಿವೂ ಅನಿತ್ಯವಪ್ಪಾ ಎಂದು ಹೇಳಿ ಕೂರಿಸಲಿಲ್ಲ. ಸಿಗಾಲೋವಾದ ಸುತ್ತದಲ್ಲಿ ಗುರುವಿಗೆ ದಕ್ಷಿಣ ದಿಕ್ಕು, ದುಡಿಯುವವರಿಗೆ ಕೆಳಗಿನ ದಿಕ್ಕು. ಶಕ್ತಿಗೆ ತಕ್ಕ ಕೆಲಸ, ಊಟ, ವೇತನ, ಕಾಯಿಲೆಯಲ್ಲಿ ಆರೈಕೆ, ಆಗಾಗ ಬಿಡುವು, ಇದೆಲ್ಲ ಕೆಲಸ ಕೊಟ್ಟವನ ಕರ್ತವ್ಯ ಎಂದಿದೆ. ಅತಿಥಿ ಉಪನ್ಯಾಸಕಿ ಏಕಕಾಲಕ್ಕೆ ಎರಡೂ ದಿಕ್ಕಿನಲ್ಲಿ ನಿಂತವಳು. ಮಕ್ಕಳಿಗೆ ಗುರು, ಸಂಸ್ಥೆಗೆ ಕೆಲಸದಾಳು.

ಅಲ್ಲಿಯೇ ನನ್ನ ತಪ್ಪೂ ಇದೆ. ಹೈಸ್ಕೂಲಿನ ನೇಮಕಾತಿ ಬಂದಾಗ ಸೆಮಿಸ್ಟರ್ ನಡುವೆಯೇ ಬಿಟ್ಟು ಬಂದೆ. ಕೊನೆಯ ಅಧ್ಯಾಯ ಬಾಕಿ ಇತ್ತು, ಅಸಮಾನತೆಯ ಬಗ್ಗೆ. ಬಾಬಾಸಾಹೇಬರೂ 1918ರಲ್ಲಿ ಸೇರಿದ್ದ ಸಿಡನ್‌ಹ್ಯಾಮ್ ಕಾಲೇಜನ್ನು 1920ರ ಮಾರ್ಚ್‌ನಲ್ಲಿ ಬಿಟ್ಟರಲ್ಲ ಎಂದು ಆಗ ಸಮಾಧಾನ ಹೇಳಿಕೊಂಡೆ. ಅವರು ಬಿಟ್ಟದ್ದು ಲಂಡನ್ನಿನಲ್ಲಿ ನಿಂತುಹೋಗಿದ್ದ ಓದು ಮುಗಿಸಲು, ನಾನು ಬಿಟ್ಟದ್ದು ತಿಂಗಳ ಸಂಬಳಕ್ಕೆ. ಇದಕ್ಕಾಗಿ ನಾಚಬೇಕೋ ಬೇಡವೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ವ್ಯವಸ್ಥೆಯ ತಪ್ಪಿನ ಪಾಲು ದೊಡ್ಡದು. ಆದರೆ ಬಾಕಿ ಉಳಿದ ಅಧ್ಯಾಯವನ್ನು ತಾನೇ ಓದಿಕೊಂಡು ಪರೀಕ್ಷೆ ಬರೆದವಳು ಆ ಹುಡುಗಿ, ವ್ಯವಸ್ಥೆಯಲ್ಲ.

ಈ ಭಾನುವಾರ ಸಿಗಾಲೋವಾದ ಸುತ್ತ ಓದೋಣ. ಮೊದಲ ಮಾತು ನಮ್ಮ ಅತಿಥಿ ಉಪನ್ಯಾಸಕ ತಮ್ಮನದಾಗಲಿ. ಹಿರಿಯರನ್ನೂ ಫೋನ್ ಮಾಡಿ ಕರೆದಿದ್ದೇನೆ, ಬರುತ್ತೇನೆ ಅಂದಿದ್ದಾರೆ.

ಭವತು ಸಬ್ಬ ಮಂಗಲಂ. ಜೈ ಭೀಮ್.