ದ್ಯೂತತ್ಯಾಗವೂ ಉಪವಾಸವೂ

ಅನಾದಿಕಾಲದಿಂದ ಚತುರ್ಗತಿಗಳಲ್ಲಿ ತೊಳಲುತ್ತಿರುವ ಜೀವನಿಗೆ ಮನುಷ್ಯಜನ್ಮ ದುರ್ಲಭ. ಜಿನವಾಣಿಯ ಶ್ರವಣ ದೊರೆಯುವ ಶ್ರಾವಕಕುಲ ಅದಕ್ಕಿಂತಲೂ ದುರ್ಲಭ. ಇಂತಹ ಕುಲದಲ್ಲಿ ಹುಟ್ಟಿದವನು ವ್ರತಗಳ ಮೆಟ್ಟಿಲನ್ನು ಏರುವ ಮೊದಲೇ ಬಿಡಬೇಕಾದ ಏಳು ವ್ಯಸನಗಳನ್ನು ಆಚಾರ್ಯರು ಎಣಿಸಿಕೊಟ್ಟಿದ್ದಾರೆ. ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ ಎಂಬ ಈ ಏಳರಲ್ಲಿ ಜೂಜಿಗೇ ಮೊದಲ ಸ್ಥಾನ. ಮಾಂಸಮದ್ಯಗಳ ಹೆಸರು ಕೇಳಿದರೆ ಹೇಸುವ ಮನೆಗೂ ಜೂಜು ವಿನೋದದ ವೇಷ ತೊಟ್ಟು ಬರಬಲ್ಲದು. ಬಂದ ಮೇಲೆ ಸುಳ್ಳನ್ನೂ ಕಳವನ್ನೂ ತನ್ನ ಹಿಂದೆಯೇ ಕರೆತರುತ್ತದೆ. ಆಚಾರ್ಯ ವಸುನಂದಿಯವರು ತಮ್ಮ ಶ್ರಾವಕಾಚಾರದಲ್ಲಿ ಈ ವ್ಯಸನಕ್ಕೆ ನಿದರ್ಶನವಾಗಿ ಹೆಸರಿಸುವುದು ನೀಚನೊಬ್ಬನನ್ನಲ್ಲ, ಯುಧಿಷ್ಠಿರನನ್ನು. ಸಜ್ಜನನೂ ಈ ಬಾಗಿಲಲ್ಲಿ ಎಡವುತ್ತಾನೆ ಎಂಬುದೇ ಅದರ ತಾತ್ಪರ್ಯ.

ಧರ್ಮಬಂಧುಗಳು ಹರಿಹರದ ಒಂದು ಶ್ರಾವಕ ಕುಟುಂಬವನ್ನು ಮನಸ್ಸಿಗೆ ತಂದುಕೊಳ್ಳಲಿ. ಇದು ಯಾವುದೋ ಒಂದು ಮನೆಯನ್ನು ಬೆರಳಿಟ್ಟು ತೋರಿಸುವ ಮಾತಲ್ಲ. ಅನೇಕ ಮನೆಗಳಿಗೆ ಸಲ್ಲುವ ದೃಷ್ಟಾಂತ. ೨೦೨೪ರ ಭಾದ್ರಪದ, ದಶಲಕ್ಷಣ ಪರ್ವದ ದಿನಗಳು. ಮನೆಯ ಮಗ ದಾವಣಗೆರೆಯಲ್ಲಿ ಓದು ಮುಗಿಸಿ ಕೆಲಸ ಹುಡುಕುತ್ತಿರುವವನು. ಹತ್ತು ದಿನವೂ ಏಕಾಶನದ ನಿಯಮ ಹಿಡಿದಿದ್ದಾನೆ. ಬೆಳಿಗ್ಗೆ ಬಸದಿಗೆ ಹೋಗಿ ಅಭಿಷೇಕ ನೋಡಿ ಬರುತ್ತಾನೆ. ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಆದರೆ ಶ್ರಾವಣದಿಂದೀಚೆಗೆ ರಾತ್ರಿ ದೀಪ ಆರಿದ ಮೇಲೆ ಅವನ ಹಾಸಿಗೆಯಲ್ಲಿ ಮೊಬೈಲಿನ ಬೆಳಕು ಆರುತ್ತಿಲ್ಲ. ಉತ್ತಮ ಶೌಚದ ದಿನ, ಎಂದರೆ ಲೋಭವನ್ನು ತೊಳೆದುಕೊಳ್ಳಬೇಕಾದ ದಿನ, ತಾಯಿ ಕೇಳುತ್ತಾಳೆ:

“ರಾತ್ರಿಯೆಲ್ಲ ಅದೇನು ನೋಡ್ತೀಯಪ್ಪಾ?”

“ಎಲೆಯಾಟ ಕಲೀತಿದೀನವ್ವಾ. ಜೂಜಲ್ಲ ಅದು. ಇನ್ನೂ ಒಂದು ಪೈಸೆಯೂ ಕಟ್ಟಿಲ್ಲ.”

“ಪೈಸೆ ಹೋಗಿಲ್ಲ ಅಂದಮೇಲೆ ಮುಖ ಯಾಕೆ ಬಾಡಿದೆ, ಮಗಾ?”

ಮಗನಲ್ಲಿ ಉತ್ತರವಿಲ್ಲ. ಶಾಸ್ತ್ರದಲ್ಲಿ ಉತ್ತರವಿದೆ; ಅದನ್ನು ಕಾಣುವ ಮೊದಲು ಅವನು ಕಲಿಯುತ್ತಿದ್ದುದು ಏನೆಂಬುದನ್ನು ತಿಳಿಯಬೇಕು.

ಆ ಆಟಕ್ಕೆ ಕಾಲ್ ಬ್ರೇಕ್ ಎಂದು ಹೆಸರು. ನಾಲ್ವರು ಆಟಗಾರರು, ೫೨ ಎಲೆಗಳು, ಒಬ್ಬೊಬ್ಬನಿಗೆ ೧೩. ಒಬ್ಬನು ಎಲೆ ಇಳಿಸಿದರೆ ಉಳಿದವರು ಅದೇ ಜಾತಿಯ ಎಲೆಯನ್ನು ಇಳಿಸಬೇಕು. ದೊಡ್ಡ ಎಲೆಯವನಿಗೆ ಆ ಸುತ್ತು ಸಲ್ಲುತ್ತದೆ. ಇಸ್ಪೀಟು ಜಾತಿಯೇ ಸದಾ ತುರುಪು. ಬೇರೆ ಜಾತಿಯ ಎಕ್ಕವನ್ನೂ ಇಸ್ಪೀಟಿನ ದುಗ್ಗಿ ಹೊಡೆಯುತ್ತದೆ. ತನಗೆ ಎಷ್ಟು ಸುತ್ತು ಬರುವುದೆಂದು ಆಟಗಾರನು ಮೊದಲೇ ನುಡಿಯಬೇಕು. ನುಡಿದಷ್ಟು ಬಾರದಿದ್ದರೆ ಅಂಕ ಕಳೆಯುತ್ತದೆ. ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂಬ ನೆನಪು, ಎದುರಾಳಿಯ ಕೈಯಲ್ಲಿ ಏನಿದ್ದೀತೆಂಬ ಊಹೆ ಇಲ್ಲಿ ಬೇಕು. ಬುದ್ಧಿಗೆ ಕೆಲಸವಿದೆ ಎಂಬುದು ನಿಜ, ಅದನ್ನು ಅಲ್ಲಗಳೆಯಬೇಕಾಗಿಲ್ಲ.

ಇಂತಹ ಆಟಗಳನ್ನು ಹಣಕ್ಕಾಗಿ ಆಡಿಸುತ್ತಿದ್ದ ಆ್ಯಪ್‌ಗಳಲ್ಲಿ ಕಲಿಕೆಗೆ ಒಂದು ಕ್ರಮವಿರುತ್ತಿತ್ತು. ಮೊದಲು ಬೆಲೆಯಿಲ್ಲದ ಬಿಲ್ಲೆಗಳಿಂದ ಅಭ್ಯಾಸ. ಅನಂತರ ಸೇರಿದ್ದಕ್ಕೆ ಒಂದಿಷ್ಟು ಉಡುಗೊರೆಯ ಹಣ. ಅನಂತರ ಚಿಕ್ಕ ಪಣದ ಪಂದ್ಯ. ಕೊನೆಗೆ ದೊಡ್ಡ ಪಣ. ಕಲಿಯುವವನಿಗೆ ತಾನು ಮೆಟ್ಟಿಲು ಏರುತ್ತಿರುವಂತೆ ತೋರುತ್ತದೆ. ಆದರೆ ಲೆಕ್ಕ ಬೇರೆಯೇ ಇದೆ. ಸಮಾನ ಕುಶಲರಾದ ನಾಲ್ವರು ತಲಾ ರೂ. ೧,೦೦೦ ತಂದು, ಪ್ರತಿ ಆಟಕ್ಕೆ ತಲಾ ರೂ. ೫೦ ಕಟ್ಟಿದರೆಂದು ಭಾವಿಸಿದರೆ ಕೂಡಿದ ಪಣ ರೂ. ೨೦೦. ಆಡಿಸುವವನು ಅದರಲ್ಲಿ ಹತ್ತನೆಯ ಒಂದು ಪಾಲು ಹಿಡಿದುಕೊಂಡರೆ ಗೆದ್ದವನಿಗೆ ದೊರೆಯುವುದು ರೂ. ೧೮೦. ಇಂತಹ ನೂರು ಆಟ ಮುಗಿಯುವ ಹೊತ್ತಿಗೆ ನಾಲ್ವರ ರೂ. ೪,೦೦೦ದಲ್ಲಿ ರೂ. ೨,೦೦೦ ಆಡಿಸಿದವನ ಪಾಲಾಗಿರುತ್ತದೆ. ಆಟಗಾರರು ತಮ್ಮತಮ್ಮಲ್ಲಿ ಸೋತು ಗೆಲ್ಲುತ್ತಿರುವಾಗ, ಎಲೆಯನ್ನೇ ಮುಟ್ಟದವನು ಪ್ರತಿ ಸಲವೂ ಗೆಲ್ಲುತ್ತಾನೆ. ೨೦೨೫ರಲ್ಲಿ ಕೇಂದ್ರ ಸರ್ಕಾರ ಹೇಳಿದ ಅಂದಾಜಿನಂತೆ, ಹಣದ ಆನ್‌ಲೈನ್ ಆಟಗಳಿಂದ ತೊಂದರೆಗೊಳಗಾದವರು ಸುಮಾರು ೪೫ ಕೋಟಿ ಜನ; ಅವರು ಕಳೆದುಕೊಂಡ ಹಣ ೨೦,೦೦೦ ಕೋಟಿ ರೂಪಾಯಿಗೂ ಮಿಗಿಲು.

“ಇದು ಕೌಶಲದ ಆಟ, ಆದ್ದರಿಂದ ಜೂಜಲ್ಲ” ಎಂಬ ವಾದವನ್ನು ಮಗನೊಬ್ಬನೇ ಹೂಡಿದ್ದಲ್ಲ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ ೧೯೬೭ರಲ್ಲಿಯೇ ಹೇಳಿತ್ತು. ಕರ್ನಾಟಕ ಸರ್ಕಾರ ೨೦೨೧ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟಗಳನ್ನೂ ಸೇರಿಸಿ ನಿಷೇಧಿಸಿದ್ದು ಸಲ್ಲದೆಂದು ಉಚ್ಚ ನ್ಯಾಯಾಲಯ ೨೦೨೨ರ ಫೆಬ್ರವರಿ ೧೪ರಂದು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ರಾಜ್ಯವು ಯಾವುದನ್ನು ದಂಡಿಸಬಹುದು, ಯಾವುದನ್ನು ದಂಡಿಸಲಾಗದು ಎಂದು ವಿಂಗಡಿಸುವುದು ನ್ಯಾಯಾಲಯದ ಕರ್ತವ್ಯ. ಅದಕ್ಕೆ ಕೌಶಲ, ಅದೃಷ್ಟಗಳ ಭೇದ ಬೇಕು. ವ್ರತಕ್ಕೆ ಆ ಭೇದ ಬೇಕಿಲ್ಲ. ಭಾರತದ ಕಥೆಯನ್ನು ಬಲ್ಲವರು ಶಕುನಿಯನ್ನು ನೆನೆಯಲಿ. ನೆತ್ತದಲ್ಲಿ ಅವನಷ್ಟು ನಿಪುಣನು ಮತ್ತೊಬ್ಬನಿರಲಿಲ್ಲ. ಅವನ ನೈಪುಣ್ಯದಿಂದ ಆ ಸಭೆಯ ಪಾಪ ಕಡಿಮೆಯಾಯಿತೇ? ಕ್ರಿ.ಶ. ೯೪೧ರಲ್ಲಿ ಆದಿಪುರಾಣವನ್ನು ರಚಿಸಿದ ಜೈನಕವಿ ಪಂಪನೇ ವಿಕ್ರಮಾರ್ಜುನ ವಿಜಯದಲ್ಲಿ ಆ ಭಾರತಕಥೆಯನ್ನು ಕನ್ನಡಿಗರಿಗೆ ಕೊಟ್ಟನು. ಅದನ್ನು ಓದಿದವರಾರೂ ಶಕುನಿಯ ಕೈಚಳಕಕ್ಕೆ ತಲೆದೂಗುವುದಿಲ್ಲ.

ತಾಯಿಯ ಪ್ರಶ್ನೆಗೆ ಉತ್ತರ ದೊರೆಯುವುದು ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ. ಹದಿಮೂರನೆಯ ಶತಮಾನದ ಈ ಮಹನೀಯರು ದ್ಯೂತವನ್ನು ಬಿಟ್ಟವನ ಅತಿಚಾರವನ್ನು ವಿವರಿಸುತ್ತ, ಕೇವಲ ಮನೋವಿನೋದಕ್ಕಾಗಿ ಹೂಡುವ ಪಂಥವೂ ಅವನಿಗೆ ದೋಷವೇ ಎಂದು ತಿಳಿಸುತ್ತಾರೆ. ಅದರಿಂದ ಹರ್ಷವೂ ಕ್ರೋಧವೂ ಹುಟ್ಟುತ್ತವೆ. ಕಷಾಯವೇ ಪಾಪಬಂಧಕ್ಕೆ ಕಾರಣ. ಎಂದ ಮೇಲೆ ಹಣ ಕೈಬಿಡುವುದು ದ್ಯೂತದ ಕೊನೆಯ ಹಂತ, ಮೊದಲ ಹಂತವಲ್ಲ. ಬೆಲೆಯಿಲ್ಲದ ಬಿಲ್ಲೆ ಸೋತಾಗಲೂ ಮುಖ ಬಾಡಿತೆಂದರೆ ಆಟ ತನ್ನ ಕೆಲಸವನ್ನು ಆಗಲೇ ಆರಂಭಿಸಿದೆ. ಆ್ಯಪ್ ಕಲಿಸುತ್ತಿದ್ದುದು ತುರುಪಿನ ಮರ್ಮವನ್ನಷ್ಟೇ ಅಲ್ಲ. ಗೆದ್ದರೆ ಹಿಗ್ಗುವುದನ್ನು, ಸೋತರೆ ಕೆರಳುವುದನ್ನು, ಇನ್ನೊಂದೇ ಆಟವೆಂದು ಆಸೆಪಡುವುದನ್ನು. ಪಣಕ್ಕೆ ಬೇಕಾದ ಮನಸ್ಸು ಪಣವಿಲ್ಲದೆಯೇ ಸಿದ್ಧವಾಗುತ್ತದೆ. ಕಲಿಕೆಯಲ್ಲಿಯೇ ವ್ರತ ಸೋರತೊಡಗುತ್ತದೆ.

ಏಕಾಗ್ರತೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳಬಹುದು. ಏಕಾಗ್ರವಾದ ಚಿಂತೆಯೆಲ್ಲವೂ ಧ್ಯಾನವೇ. ಆದರೆ ಧ್ಯಾನಗಳಲ್ಲಿ ನಾಲ್ಕು ಬಗೆಯುಂಟೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಕಳೆದುಹೋದ ಇಷ್ಟವಸ್ತುವಿಗಾಗಿ ಕೊರಗುವುದೂ, ಮುಂದೆ ಬರಲಿ ಎಂದು ಹಂಬಲಿಸುವುದೂ ಆರ್ತಧ್ಯಾನ. ಮತ್ತೊಬ್ಬನ ಕೈಯಿಂದ ಕಿತ್ತುಕೊಂಡ ಪರಿಗ್ರಹದಲ್ಲಿ ಆನಂದಿಸುವುದು ರೌದ್ರಧ್ಯಾನ. ಹಣದ ಎಲೆಯಾಟದಲ್ಲಿ ಸೋತವನು ಆರ್ತದಲ್ಲಿಯೂ ಗೆದ್ದವನು ರೌದ್ರದಲ್ಲಿಯೂ ಮುಳುಗುತ್ತಾನೆ. ಮೋಕ್ಷಕ್ಕೆ ಕಾರಣವಾದ ಧರ್ಮ್ಯ, ಶುಕ್ಲ ಧ್ಯಾನಗಳಿಗೆ ಅಲ್ಲಿ ಎಡೆಯೆಲ್ಲಿ?

ಉಪವಾಸದ ಮಾತೂ ಹೀಗೆಯೇ. ಉಪವಾಸದ ದಿನ ಪಂಚಪಾಪಗಳನ್ನೂ ಆರಂಭವನ್ನೂ ಅಲಂಕಾರಾದಿಗಳನ್ನೂ ತ್ಯಜಿಸಬೇಕು, ಧರ್ಮಾಮೃತವನ್ನು ಕಿವಿಯಾರೆ ಸವಿಯಬೇಕು, ಜ್ಞಾನಧ್ಯಾನಗಳಲ್ಲಿ ನಿರತನಾಗಿರಬೇಕು ಎಂದು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಹೊಟ್ಟೆಗೆ ಆಹಾರ ನಿಲ್ಲಿಸಿ ಕಷಾಯಗಳಿಗೆ ರಾತ್ರಿಯಿಡೀ ಉಣಬಡಿಸಿದರೆ ಅದು ಲಂಘನವಾದೀತು, ಉಪವಾಸವಾಗದು. ಆತ್ಮನ ಸಮೀಪದಲ್ಲಿ ವಾಸಿಸುವುದೇ ಉಪವಾಸ. ಎಲೆಗಳ ಸಮೀಪದಲ್ಲಿ ವಾಸಿಸುವುದಲ್ಲ.

ಇನ್ನೊಂದು ವಿಚಾರ. ಭಗವಾನ್ ಆದಿನಾಥರು ಕರ್ಮಭೂಮಿಯ ಆದಿಯಲ್ಲಿ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಬೋಧಿಸಿದರು. ಹರಿಹರ, ದಾವಣಗೆರೆಗಳ ಜನ ಇವುಗಳಿಂದಲೇ ಬಾಳಿದವರು. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆದದ್ದು ಕೃಷಿ; ದಾವಣಗೆರೆಯ ಹತ್ತಿ, ದವಸಗಳ ವ್ಯಾಪಾರ ವಾಣಿಜ್ಯ; ೧೯೪೧ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳನ್ನು ತಯಾರಿಸಿದ್ದು ಶಿಲ್ಪ. ಆ ಕಾರ್ಖಾನೆ ಮುಚ್ಚಿದ ಮೇಲೆ ಎಷ್ಟೋ ಮನೆಗಳಲ್ಲಿ ಕೆಲಸದ ಕೊರತೆ ಬಂದಿತೆಂಬುದು ದಿಟ. ಕೆಲಸವಿಲ್ಲದ ತರುಣನಿಗೆ ಮೊಬೈಲಿನ ಎಲೆಯಾಟ ಏಳನೆಯ ಉಪಾಯದಂತೆ ತೋರಿದರೆ ಅಚ್ಚರಿಯಿಲ್ಲ. ಆದರೆ ಆರರಲ್ಲಿಯೂ ಒಬ್ಬನ ದುಡಿಮೆಯಿಂದ ಇನ್ನೊಬ್ಬನಿಗೆ ಅನ್ನವೋ ಬಟ್ಟೆಯೋ ಅರಿವೋ ರಕ್ಷಣೆಯೋ ದೊರೆಯುತ್ತದೆ. ಈ ಏಳನೆಯದರಲ್ಲಿ ಒಬ್ಬನ ನಷ್ಟವಿಲ್ಲದೆ ಇನ್ನೊಬ್ಬನಿಗೆ ಲಾಭವಿಲ್ಲ.

ದೃಷ್ಟಾಂತದ ಮನೆಗೆ ಮರಳೋಣವಾಗಲಿ. ಶೌಚದ ದಿನ ತಾಯಿ ಕೇಳಿದ ರಾತ್ರಿಯೇ ಮಗನು ಮೊದಲ ಪಣ ಕಟ್ಟಿದ್ದನು. ಅನಂತ ಚತುರ್ದಶಿಯ ಹೊತ್ತಿಗೆ ಅವನ ಖಾತೆ ಬರಿದಾಗಿತ್ತು. ಪರ್ವದ ಕೊನೆಗೆ ದಾನಕ್ಕೆಂದು ಮನೆಯವರು ತೆಗೆದಿಟ್ಟಿದ್ದ ಹಣವೂ ಹೋಗಿತ್ತು. ಆಡಿದ ಸುಳ್ಳಿನಿಂದ ಸತ್ಯಕ್ಕೆ, ದಾನದ ಹಣದಿಂದ ಅಚೌರ್ಯಕ್ಕೆ, ದುರಾಸೆಯಿಂದ ಪರಿಗ್ರಹ ಪರಿಮಾಣಕ್ಕೆ ಭಂಗ ಬಂದಿತ್ತು. ಕ್ಷಮಾವಾಣಿಯ ದಿನ ಎಲ್ಲರೂ ಪರಸ್ಪರ ಕ್ಷಮೆ ಬೇಡುವಾಗ ಅವನು ತಾಯಿಯ ಕಾಲು ಹಿಡಿದು ಎಲ್ಲವನ್ನೂ ಹೇಳಿದನು. ತಾಯಿ ಬಹಳ ಹೊತ್ತು ಸುಮ್ಮನಿದ್ದಳು.

“ಹೋದ ದೀಪಾವಳಿಯಲ್ಲಿ ನಿಮ್ಮ ಮಾವ ಎಲೆ ಹಂಚಿದಾಗ, ಹುಡುಗ ಚುರುಕಾಗಿ ಆಡ್ತಾನೆ ಅಂತ ಹೊಗಳಿದೋಳು ನಾನೇ ಅಲ್ಲವೇನಪ್ಪಾ? ನನ್ನನ್ನೂ ಕ್ಷಮಿಸು” ಎಂದಳು.

ಈ ಮಾತು ಮನೆಮನೆಯ ಹಿರಿಯರನ್ನು ಮುಟ್ಟಬೇಕು. ಪಾಪವು ತಾನು ಮಾಡುವುದರಿಂದ, ಮಾಡಿಸುವುದರಿಂದ, ಮಾಡಿದ್ದನ್ನು ಮೆಚ್ಚುವುದರಿಂದ ಮೂರು ಬಗೆಯಾಗಿ ಬರುತ್ತದೆ. ಭಗವಾನ್ ಮಹಾವೀರರ ನಿರ್ವಾಣದ ಅಮಾವಾಸ್ಯೆಯಂದು ಬೆಳಗಿನ ಜಾವ ನಿರ್ವಾಣಪೂಜೆ ಮಾಡಿ, ರಾತ್ರಿ ಬಂಧುಗಳೆದುರು ಎಲೆ ಹಂಚುವ ಮನೆಯಲ್ಲಿ ಮಕ್ಕಳು ಕಲಿಯುವುದೇನು?

೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯ್ದೆಯೊಂದನ್ನು ಅಂಗೀಕರಿಸಿತು. ಆಗಸ್ಟ್ ೨೨ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ಆಡಿಸುವವನಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ದೊಡ್ಡ ದೊಡ್ಡ ಆ್ಯಪ್‌ಗಳು ಹಣದ ಪಂದ್ಯಗಳನ್ನು ಆಗಲೇ ನಿಲ್ಲಿಸಿದವು. ಇದರಿಂದ ಇನ್ನು ವ್ರತದ ಅಗತ್ಯವಿಲ್ಲವೆಂದು ತಿಳಿಯಬಾರದು. ಕಾಯ್ದೆ ಅಂಗಡಿಯನ್ನು ಮುಚ್ಚಬಲ್ಲದು, ಹಂಬಲವನ್ನು ಮುಚ್ಚಲಾರದು. ಹಂಬಲ ಉಳಿದವನು ಮತ್ತೊಂದು ಬಾಗಿಲನ್ನು ಹುಡುಕುತ್ತಾನೆ. ಮೇಲಾಗಿ ಆ ಕಾಯ್ದೆ ದಂಡಿಸುವುದು ಆಡಿಸುವವನನ್ನು. ಆಡುವವನನ್ನು ಕಾಯಬೇಕಾದದ್ದು ಅವನ ವ್ರತವೇ.

ಕಾಲದ ಮಿತಿಯುಳ್ಳ ತ್ಯಾಗ ನಿಯಮ; ಬಾಳಿನುದ್ದಕ್ಕೂ ಹಿಡಿಯುವ ತ್ಯಾಗ ಯಮ. ಒಮ್ಮೆಗೇ ಯಮವನ್ನು ಹಿಡಿಯಲು ಅಂಜುವವನು ಈ ಚತುರ್ದಶಿಯಿಂದ ಮುಂದಿನ ಚತುರ್ದಶಿಯವರೆಗೆ ನಿಯಮ ಹಿಡಿಯಲಿ: ಪಣವಿರಲಿ ಇಲ್ಲದಿರಲಿ, ಎಲೆಯನ್ನು ಮುಟ್ಟುವುದಿಲ್ಲವೆಂದು. ತಪ್ಪಿದರೆ ಮುಚ್ಚಿಡದೆ ಗುರುಗಳ ಮುಂದೆಯೋ ಹಿರಿಯರ ಮುಂದೆಯೋ ಆಲೋಚನೆ ಮಾಡಿ ಮತ್ತೆ ಹಿಡಿಯಲಿ. ಕಳೆದ ಹಣವನ್ನು ಆಟದಿಂದಲೇ ಮರಳಿ ಪಡೆಯುವ ಆಸೆಯನ್ನು ಮೊದಲು ಬಿಡಲಿ. ಜೂಜುಗಾರನನ್ನು ಮತ್ತೆ ಎಳೆಯುವುದು ಆ ಆಸೆಯೇ. ಆ ಮನೆಯ ಮಗನು ಹೀಗೆಯೇ ಒಂದು ಚತುರ್ದಶಿಯಿಂದ ಮತ್ತೊಂದಕ್ಕೆ ನಿಯಮವನ್ನು ಬೆಳೆಸಿದನು. ಸಂಬಳದ ಕೆಲಸ ಸಿಕ್ಕಿದ ಮೇಲೆ ದಾನದ ಹಣವನ್ನು ತಿಂಗಳಿಗಿಷ್ಟೆಂದು ತಾಯಿಯ ಕೈಗೆ ಮರಳಿಸಿದನು. ಮರುವರ್ಷದ ದಶಲಕ್ಷಣದಲ್ಲಿ ಅವನ ಏಕಾಶನ ಹಿಂದಿನಷ್ಟೇ ಇತ್ತು. ರಾತ್ರಿಯ ನಿದ್ರೆ ಮಾತ್ರ ಮರಳಿ ಬಂದಿತ್ತು.

ಭವ್ಯಜೀವಿಗಳು ದ್ಯೂತವನ್ನು ಅದರ ಮೊಳಕೆಯಲ್ಲಿಯೇ ಗುರುತಿಸಿ ತ್ಯಜಿಸಲಿ; ಅವರ ಉಪವಾಸಗಳು ಹೊಟ್ಟೆಯನ್ನಷ್ಟೇ ಅಲ್ಲದೆ ಕಷಾಯಗಳನ್ನೂ ಕೃಶಗೊಳಿಸಿ ಆತ್ಮಕಲ್ಯಾಣಕ್ಕೆ ಸಾಧನವಾಗಲಿ.